ಅಜ್ಜಿಯ ನೆನಪಿಗೆ ಏನು ಮಾಡಲಿ?

ಪ್ರಶ್ನೆ:
ನಮ್ಮಜ್ಜಿ ತೀರಿಹೋಗಿ ಬರುವ ತಿಂಗಳಿಗೆ ಒಂದು ವರ್ಷ. ಕೋಲಾರದ ಗುಡಿಯಲ್ಲಿ ದೇವಿ ಕೋಲಾರಮ್ಮನ ಮುಖವನ್ನು ಕನ್ನಡಿಯಲ್ಲಿ ನೋಡಿ ಕೈಮುಗಿದ ಮೇಲೆ, ಅಲ್ಲೇ ಇರುವ ಚೇಳಿನ ದೇವತೆ ಚೇಳಮ್ಮನ ಹುಂಡಿಗೆ ಮೊಮ್ಮಕ್ಕಳ ಲೆಕ್ಕದಲ್ಲಿ 9 ಕಾಸು ಹಾಕುತ್ತಿದ್ದರು. ಯಾವ ಮಗುವಿಗೂ ಚೇಳು ಕಡಿಯದಿರಲಿ ಅಂತ. ಕಾಸು ಸೆರಗಿನ ತುದಿಯಲ್ಲಿ ಗಂಟಾಗಿರುತ್ತಿತ್ತು. ಆ ಗಂಟು ಬಿಚ್ಚುವ ಕೆಲಸ ನನ್ನದು. ವರ್ಷದ ತಿಥಿಗೆ ಊಟ ಹಾಕಿಸುವುದು ಬಿಟ್ಟು ಬೇರೇನು ಮಾಡಬಹುದು?

ಉತ್ತರ 1:
ಊಟಾನೇ ಹಾಕಿಸಿ, ಆದರೆ ಬೀದಿಯ ಮಕ್ಕಳನ್ನೆಲ್ಲ ಕೂರಿಸಿ ನೀವೇ ಬಡಿಸಿ. ನಮ್ಮಜ್ಜಿಗೆ ಮುದ್ದೆ, ಹಿತಕಿದಬೇಳೆ ಸಾರು ಅಂದ್ರೆ ಪ್ರಾಣ. ನಾವು ಅದನ್ನೇ ಮಾಡುತ್ತೇವೆ.

ಉತ್ತರ 2:
ಆ 9 ಕಾಸು ಈಗ ನೀವು ಹಾಕಬೇಕು ಅಲ್ವಾ? ಮರಿಮಕ್ಕಳಿದ್ದರೆ ಲೆಕ್ಕ ಜಾಸ್ತಿ ಆಗುತ್ತೆ.

ಪ್ರಶ್ನೆ ಕೇಳಿದವರು:
ಇಬ್ಬರಿದ್ದಾರೆ. ಹಾಗಾದರೆ 11. ಅಜ್ಜಿಯ ಹಸಿರು ಸೀರೆ ನನ್ನ ಹತ್ತಿರವೇ ಇದೆ. ಅದರ ಸೆರಗಿನಲ್ಲೇ ಗಂಟು ಕಟ್ಟುತ್ತೇನೆ.