ಹಿಟ್ ಆಂಡ್ ಮಿಸ್ ಇಂಜಿನ್ ಮಾದರಿ: ಬಿಸಿಯಾದರೆ ಬಿಗಿಯಾಗುತ್ತದೆ, ಏಟು ತಪ್ಪಿಸುವುದೇ ಇಲ್ಲ

ದಾವಣಗೆರೆ ಲೇತ್

ಎಲ್ಲರಿಗೂ ನಮಸ್ಕಾರ. ಹಳೇ ಕಾಲದ ಹಿಟ್ ಆಂಡ್ ಮಿಸ್ ಇಂಜಿನ್ನಿನ ಸಣ್ಣ ಮಾದರಿ ಮಾಡಿದ್ದೇನೆ. ನೂರು ವರ್ಷದ ಹಿಂದೆ ಅಮೆರಿಕದ ರೈತರು ನೀರೆತ್ತಲು, ಕಟ್ಟಿಗೆ ಕೊಯ್ಯಲು ಇಟ್ಟುಕೊಳ್ಳುತ್ತಿದ್ದರಲ್ಲ, ಎರಡು ದೊಡ್ಡ ಫ್ಲೈವೀಲ್, ಮಧ್ಯದಲ್ಲಿ ತೆರೆದ ನೀರಿನ ತೊಟ್ಟಿ, ಅದೇ ಜಾತಿ.

ವಿವರ ಇಷ್ಟು. ಬೋರ್ (ಸಿಲಿಂಡರಿನ ಒಳ ಅಗಲ) 25 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 32 ಮಿ.ಮೀ. ಸಿಲಿಂಡರ್ ಬೀಡು ಕಬ್ಬಿಣ. ಪಿಸ್ಟನ್ ಸಾದಾ ಅಲ್ಯೂಮಿನಿಯಂ ರಾಡಿನಿಂದ ಕಡೆದದ್ದು, ಬೀಡಿನ ಎರಡು ರಿಂಗ್. ಫ್ಲೈವೀಲ್ 140 ಮಿ.ಮೀ. ಎಕ್ಸಾಸ್ಟ್ ವಾಲ್ವ್‌ಗೆ ಮಾತ್ರ ಪುಶ್ ರಾಡ್, ಅಂದರೆ ವಾಲ್ವ್ ತಳ್ಳಿ ತೆರೆಯುವ ಸರಳು. ಇನ್‌ಲೆಟ್ ವಾಲ್ವ್ ಸಣ್ಣ ಸ್ಪ್ರಿಂಗ್ ಮೇಲಿದೆ, ಪಿಸ್ಟನ್ ಎಳೆತಕ್ಕೆ ತಾನೇ ತೆರೆಯುತ್ತದೆ. ಸ್ಕೂಟರಿನ 10 ಎಂಎಂ ಪ್ಲಗ್, ಹಳೇ ಬೈಕಿನ ಕಾಯಿಲ್, ಪಾಯಿಂಟ್ (ಕಾಯಿಲ್ಲಿನ ಕರೆಂಟ್ ಕಡಿದು ಸ್ಪಾರ್ಕ್ ಕೊಡಿಸುವ ಸ್ವಿಚ್), ಬ್ಯಾಟರಿ.

ಸಮಸ್ಯೆ: ತಣ್ಣಗಿದ್ದಾಗ ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ಆದರೆ ಏಟು, ಅಂದರೆ ಒಳಗೆ ಪೆಟ್ರೋಲ್ ಉರಿದು ಪಿಸ್ಟನ್ ತಳ್ಳುವುದು, ಹಾಕುತ್ತಲೇ ಇರುತ್ತದೆ; ವೇಗ ಏರಿದಾಗ ತಪ್ಪಿಸಬೇಕಿತ್ತು. ವೇಗವನ್ನು ಮಿತಿಯಲ್ಲಿಡುವ ಗವರ್ನರಿನ ಲಾಚ್ (ಕೊಂಡಿ) ಟಕ್ ಅಂತ ಹಿಡಿಯುವುದು ಕಾಣುತ್ತದೆ, ಹಿಡಿದ ಕೂಡಲೇ ಬಿಟ್ಟುಬಿಡುತ್ತದೆ. ತೊಟ್ಟಿಯ ನೀರು ಹಬೆಯಾಡಲು ಶುರುವಾದ ಮೇಲೆ ಇಂಜಿನ್ ನಿಧಾನವಾಗುತ್ತಾ ಹೋಗಿ ನಿಂತೇ ಹೋಗುತ್ತದೆ. ಆಗ ಫ್ಲೈವೀಲ್ ಕೈಯಲ್ಲಿ ತಿರುಗಿಸಿದರೆ ಬಿಗಿ. ಟೀ ಕುಡಿದು ಬರುವಷ್ಟರಲ್ಲಿ ಮತ್ತೆ ಸಡಿಲ. ಗವರ್ನರ್ ಸ್ಪ್ರಿಂಗ್ ಬದಲಿಸಿ ನೋಡಿದೆ, ಅದರ ಫ್ಲೈ ವೇಟ್ (ತಿರುಗುವ ತೂಕ) ಭಾರ ಜಾಸ್ತಿ ಮಾಡಿ ನೋಡಿದೆ, ವ್ಯತ್ಯಾಸ ಇಲ್ಲ. ಎಲ್ಲಿಂದ ಶುರು ಮಾಡಲಿ?

ಚಳ್ಳಕೆರೆ ಗಾಣ

ಪೆಟ್ರೋಲ್ ನೋಡಿ ಅಣ್ಣಾ. ಈಗ ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ 20 ಭಾಗ ಎಥನಾಲ್. ಈ ಬಿಸಿಲಿಗೆ ಪೈಪಿನಲ್ಲೇ ಆವಿಯಾಗಿ ಇಂಜಿನ್ ನಿಲ್ಲುತ್ತಿರಬಹುದು.

ಇನ್ನೊಂದು ಮಾತು. ನಮ್ಮ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಹಿಂದೆ ಒಂದು ಇಂಜಿನ್ ಇತ್ತು. ಅದಕ್ಕೂ ಗವರ್ನರ್ ಇತ್ತು, ಆದರೂ ಒಂದು ಏಟೂ ತಪ್ಪಿಸುತ್ತಿರಲಿಲ್ಲ. ಏಟು ತಪ್ಪಿಸಲೇಬೇಕು ಅಂತ ಏನಿದೆ?

ಹರಿಹರ ಟರ್ನರ್

ಗಾಣ ಅವರೇ, ನಿಮ್ಮ ಮಿಲ್ಲಿನಲ್ಲಿದ್ದದ್ದು ಡೀಸೆಲ್ ಇಂಜಿನ್ ಇರಬೇಕು. ಅದರ ಗವರ್ನರ್ ಪ್ರತಿ ಏಟಿಗೆ ಹೋಗುವ ಡೀಸೆಲ್ಲನ್ನು ಹೆಚ್ಚು ಕಡಿಮೆ ಮಾಡುತ್ತದೆ, ಏಟು ತಪ್ಪಿಸುವುದಿಲ್ಲ. ಹಿಟ್ ಆಂಡ್ ಮಿಸ್‌ನಲ್ಲಿ ಏಟು ಬಿದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲವೇ ಇಲ್ಲ. ವೇಗ ಮಿತಿ ಮೀರಿದ ಕೂಡಲೇ ಫ್ಲೈ ವೇಟ್ ಹೊರಕ್ಕೆ ಸರಿಯುತ್ತದೆ, ಲಾಚ್ ಬಂದು ಪುಶ್ ರಾಡ್ ಹಿಡಿದುಕೊಳ್ಳುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದೇ ಇರುತ್ತದೆ. ಪಿಸ್ಟನ್ ಅಲ್ಲಿಂದಲೇ ಗಾಳಿ ಎಳೆದು ಅಲ್ಲಿಂದಲೇ ಬಿಡುತ್ತದೆ. ಕಂಪ್ರೆಶನ್ ಇಲ್ಲ. ಒಳಗೆ ಎಳೆತ ಸಾಲದ್ದರಿಂದ ಇನ್‌ಲೆಟ್ ವಾಲ್ವ್ ತೆರೆಯುವುದಿಲ್ಲ, ಪೆಟ್ರೋಲ್ ಖರ್ಚಿಲ್ಲ. ಫ್ಲೈವೀಲ್ ತನ್ನ ಓಟದಲ್ಲೇ ತಿರುಗಿ ವೇಗ ಇಳಿದಾಗ ಲಾಚ್ ಬಿಡುತ್ತದೆ, ಮತ್ತೊಂದು ಏಟು. ಕಡಿಮೆ ಲೋಡಿನಲ್ಲಿ ಇಂಧನ ಉಳಿಸಲು ಆ ಕಾಲದವರು ಕಂಡುಕೊಂಡ ಉಪಾಯ ಇದು. ಡೈನಮೋ ಕಟ್ಟಿದರೆ ಬಲ್ಬು ಮಿಣಮಿಣ ಅನ್ನುತ್ತಿತ್ತು, ಅದು ಬೇರೆ ಮಾತು.

ಪೆಟ್ರೋಲ್ ಆವಿಯಾಗಿ ನಿಂತಿದ್ದರೆ ಫ್ಲೈವೀಲ್ ಕೈಗೆ ಬಿಗಿ ಬರುತ್ತಿರಲಿಲ್ಲ. ಆದ್ದರಿಂದ ಇಂಧನದ ವಿಷಯ ಆಮೇಲೆ.

ಲೇತ್ ಅವರೇ, ಮೊದಲು ಗವರ್ನರ್ ಕೈಬಿಡಿ. ಲಾಚ್ ಹಿಡಿಯುತ್ತಿದೆ ಅಂದರೆ ಅದು ತನ್ನ ಕೆಲಸ ಮಾಡುತ್ತಿದೆ. ಹಿಡಿದ ತಕ್ಷಣ ಬಿಡುತ್ತಿದೆ ಅಂದರೆ ಅಷ್ಟರಲ್ಲೇ ವೇಗ ಬಿದ್ದುಹೋಯಿತು ಅಂತ. ವೇಗವನ್ನು ಏನೋ ತಿನ್ನುತ್ತಿದೆ. ನನ್ನ ಅನುಭವದಲ್ಲಿ ಗವರ್ನರ್ ತಕರಾರು ಅಂತ ಬಂದ ಮಾದರಿಗಳಲ್ಲಿ ಹೆಚ್ಚಿನವು ಬರೀ ಉಜ್ಜಾಟದ ತಕರಾರು.

ದೊಡ್ಡ ಇಂಜಿನ್ ಸಹಿಸಿಕೊಳ್ಳುವ ಉಜ್ಜಾಟವನ್ನು ಸಣ್ಣದು ಯಾಕೆ ಸಹಿಸಲ್ಲ? ಲೆಕ್ಕ ಹಾಕಿ. 100 ಮಿ.ಮೀ. ಬೋರಿನ ಇಂಜಿನ್ನನ್ನು 25ಕ್ಕೆ ಇಳಿಸಿದರೆ ಅಳತೆ ನಾಲ್ಕನೇ ಒಂದು. ಉಜ್ಜುವ ಮೈ 16ರಲ್ಲಿ ಒಂದು ಪಾಲಾಗುತ್ತದೆ, ಉರಿಯುವ ಗಾಳಿ-ಪೆಟ್ರೋಲ್ ಮಾತ್ರ 64ರಲ್ಲಿ ಒಂದು ಪಾಲು. ಫ್ಲೈವೀಲ್ ಕಥೆ ಇನ್ನೂ ಕೆಟ್ಟದ್ದು: ಅದೇ ಆರ್‌ಪಿಎಂನಲ್ಲಿ ಅದು ಕೂಡಿಟ್ಟುಕೊಳ್ಳುವ ಶಕ್ತಿ 1024ರಲ್ಲಿ ಒಂದು ಪಾಲು. ದೊಡ್ಡದರ ಹಾಗೆ ನಿಧಾನ ತಿರುಗಿಸಿ ಉದ್ದಕ್ಕೆ ಏಟು ತಪ್ಪಿಸುತ್ತೇನೆ ಅಂದರೆ ಆಗುವ ಮಾತಲ್ಲ. ಮಾದರಿಗೆ ವೇಗ ಸ್ವಲ್ಪ ಜಾಸ್ತಿ ಬೇಕು, ಉಜ್ಜಾಟ ತೀರಾ ಕಡಿಮೆ ಇರಬೇಕು.

ಈಗ ಪರೀಕ್ಷೆ. ಮತ್ತೆ ಓಡಿಸಿ, ಬಿಗಿಯಾಗಿ ನಿಂತ ಕೂಡಲೇ ಸ್ವಿಚ್ ಆಫ್ ಮಾಡಿ. ಇದನ್ನು ಮರೆಯಬೇಡಿ, ಪಾಯಿಂಟ್ ಮುಚ್ಚಿಕೊಂಡು ನಿಂತಿದ್ದರೆ ಕಾಯಿಲ್ ಸುಡುತ್ತದೆ. ಬಟ್ಟೆ ಹಿಡಿದು ಪ್ಲಗ್ ಬಿಚ್ಚಿ. ಫ್ಲೈವೀಲನ್ನು ಎರಡು ಬೆರಳಲ್ಲಿ ನಿಧಾನಕ್ಕೆ ಒಂದು ಪೂರ್ತಿ ಸುತ್ತು ತಿರುಗಿಸಿ. ಪಿಸ್ಟನ್ ಎರಡೂ ತುದಿಯಲ್ಲಿರುವಾಗ ಕ್ರ್ಯಾಂಕ್ ತಿರುಗಿದರೂ ಪಿಸ್ಟನ್ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ. ಅಲ್ಲಿ ಸಡಿಲ, ಸ್ಟ್ರೋಕ್ ಮಧ್ಯದಲ್ಲಿ ಬಿಗಿ ಬಂದರೆ ಹಿಡಿಯುತ್ತಿರುವುದು ಪಿಸ್ಟನ್ ಅಥವಾ ರಿಂಗ್. ಸುತ್ತಿನ ಉದ್ದಕ್ಕೂ ಒಂದೇ ಸಮ ಬಿಗಿ ಇದ್ದರೆ ಬೇರಿಂಗ್ ಬುಷ್ ನೋಡಬೇಕು.

ಜೊತೆಗೆ ಪಿಸ್ಟನ್ ಮತ್ತು ಬೋರಿನ ತಣ್ಣನೆಯ ಅಳತೆ, ರಿಂಗಿನ ಬಾಯಿ (ಬೋರಿನೊಳಗೆ ಅದರ ಎರಡು ತುದಿಗಳ ನಡುವಿನ ಸಂದು) ಎಷ್ಟಿದೆ ಅಂತ ತಿಳಿಸಿ.

ದಾವಣಗೆರೆ ಲೇತ್

ಸರ್, ನೀವು ಹೇಳಿದ ಹಾಗೇ. ಎರಡೂ ತುದಿಯಲ್ಲಿ ಬೆರಳಿಗೆ ಸಲೀಸು, ಮಧ್ಯದಲ್ಲಿ ಕಚ್ಚುತ್ತದೆ. ಪಿಸ್ಟನ್ ಹೊರತೆಗೆದೆ. ಮೇಲಿನ ರಿಂಗಿನ ಮೇಲಿರುವ ಪಟ್ಟಿಯಲ್ಲಿ ಸುತ್ತಲೂ ಹೊಳಪು. ಪಿನ್ ತೂತಿನ ಅಕ್ಕಪಕ್ಕ ಉದ್ದುದ್ದಕ್ಕೆ ಸಣ್ಣ ಗೀರು.

ಬೋರ್ 25.00, ಪಿಸ್ಟನ್ ಮೇಲಿಂದ ಕೆಳಗಿನವರೆಗೂ 24.97. ರಿಂಗಿನ ಬಾಯಿಗೆ 0.05 ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಕಷ್ಟಪಟ್ಟು ಹೋಗುತ್ತದೆ.

ಹರಿಹರ ಟರ್ನರ್

ಸಿಕ್ಕಿತು ನೋಡಿ. ಗೀರು ಬಿದ್ದ ಜಾಗವೇ ಹೇಳುತ್ತಿದೆ. ಪಿನ್ ತೂತಿನ ಸುತ್ತ ಲೋಹ ದಪ್ಪ, ಅಲ್ಲಿ ಹಿಗ್ಗುವುದೂ ಜಾಸ್ತಿ.

ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗುತ್ತದೆ. ಬೀಡು ಸುಮಾರು 11 ಪಾಲು, ಅರ್ಧಕ್ಕಿಂತ ಕಡಿಮೆ. ನಿಮ್ಮ ಸಿಲಿಂಡರಿಗೆ ನೀರಿನ ಕಾವಲಿದೆ, 100 ಡಿಗ್ರಿ ಹತ್ತಿರವೇ ನಿಲ್ಲುತ್ತದೆ. ಪಿಸ್ಟನ್‌ಗೆ ಆ ಸುಖ ಇಲ್ಲ, 150 ಅಂತ ಇಟ್ಟುಕೊಳ್ಳೋಣ. 30 ಡಿಗ್ರಿಯಿಂದ ಲೆಕ್ಕ ಹಾಕಿದರೆ ಪಿಸ್ಟನ್ 0.07 ಮಿ.ಮೀ. ಹಿಗ್ಗಿತು, ಬೋರ್ 0.02 ಮಾತ್ರ ಅಗಲವಾಯಿತು. 0.05 ನುಂಗಿಹೋಯಿತು. ನೀವು ಬಿಟ್ಟ ಜಾಗ 0.03. ಇನ್ನು ಕಚ್ಚದೆ ಏನು ಮಾಡುತ್ತದೆ!

ರಿಂಗಿಗೂ ಅದೇ ಕಷ್ಟ. ಬಿಸಿಯಾದ ರಿಂಗಿನ ಎರಡು ತುದಿ ಒಂದಕ್ಕೊಂದು ತಾಗಿದರೆ ಅದು ಹೊರಕ್ಕೆ ಒತ್ತಿ ಬೋರನ್ನು ಬ್ರೇಕಿನ ಹಾಗೆ ಹಿಡಿಯುತ್ತದೆ. ಈ ಅಳತೆಗೆ 0.10ರಿಂದ 0.12 ಬಾಯಿ ಬೇಕು.

ಮಾಡಬೇಕಾದ್ದು: ಪಿಸ್ಟನ್ನನ್ನು ಮ್ಯಾಂಡ್ರಿಲ್‌ಗೆ (ಲೇತಿನಲ್ಲಿ ಕೆಲಸವನ್ನು ಹಿಡಿದಿಡುವ ದಂಡಕ್ಕೆ) ಹಾಕಿ ಕೆಳಭಾಗವನ್ನು 24.91ಕ್ಕೆ ತನ್ನಿ. ಮೇಲಿನ ರಿಂಗಿಗಿಂತ ಮೇಲಿರುವ ಪಟ್ಟಿಯನ್ನು 24.80ಕ್ಕೆ ಇಳಿಸಿ, ಬೆಂಕಿ ನೇರ ತಾಗುವುದು ಅಲ್ಲಿಗೇ. ಕಂಪ್ರೆಶನ್ ಹೋಗುತ್ತದೆ ಅಂತ ಹೆದರಬೇಡಿ. ಗಾಳಿ ತಡೆಯುವುದು ರಿಂಗಿನ ಕೆಲಸ, ಪಿಸ್ಟನ್ ಮೈದಲ್ಲ. ರಿಂಗಿನ ಬಾಯಿ ಅಳೆಯುವಾಗ ಪಿಸ್ಟನ್ ತಲೆಯಿಂದಲೇ ಅದನ್ನು ಬೋರಿನೊಳಗೆ ನೂಕಿ, ಆಗ ಓರೆ ಇಲ್ಲದೆ ಕೂರುತ್ತದೆ. ಅರ ಹಾಕುವುದು ಒಂದೇ ತುದಿಗೆ, ಒಂದೇ ದಿಕ್ಕಿಗೆ, ನಯವಾದ ಅರದಲ್ಲಿ. ಬೀಡಿನ ರಿಂಗನ್ನು ಬೇಕಾಬಿಟ್ಟಿ ಅಗಲಿಸಿದರೆ ಚಟ್ ಅಂತ ಮುರಿಯುತ್ತದೆ.

ಕೋಟೆ ಕೆಳಗೆ

ಚಿತ್ರದುರ್ಗದಿಂದ ಒಂದು ಮಾತು. ಆ ಕಾಲದ ಇಂಜಿನ್ನುಗಳಲ್ಲಿ ಪಿಸ್ಟನ್ ಕೂಡ ಬೀಡಿನದ್ದೇ ಇರುತ್ತಿತ್ತು. ಎರಡೂ ಒಂದೇ ಲೋಹ ಆದರೆ ಹಿಗ್ಗುವುದೂ ಹೆಚ್ಚುಕಡಿಮೆ ಜೊತೆಗೇ. ಮಾದರಿ ಅಂದ ಮೇಲೆ ಅದನ್ನೂ ಹಾಗೇ ಮಾಡಬಹುದಲ್ವಾ? ಈ ವೇಗಕ್ಕೆ ಪಿಸ್ಟನ್ ಭಾರ ಏನೂ ತೊಂದರೆ ಕೊಡಲ್ಲ.

ಹರಿಹರ ಟರ್ನರ್

ಒಪ್ಪುತ್ತೇನೆ, ಹೊಸದಾಗಿ ಮಾಡುವವರಿಗೆ ನಾನೂ ಬೀಡೇ ಹೇಳುವುದು. ಅಲ್ಯೂಮಿನಿಯಮ್ಮೇ ಬೇಕು ಅನ್ನುವವರು ಗುಜರಿಯಿಂದ ಬೈಕಿನ ಹಳೇ ಪಿಸ್ಟನ್ ತಂದು ಕರಗಿಸಿ ಎರಕ ಹೊಯ್ದುಕೊಳ್ಳಿ. ಅದರಲ್ಲಿ ಸಿಲಿಕಾನ್ ಬೆರೆತಿರುತ್ತದೆ, ಸಾದಾ ರಾಡಿಗಿಂತ ಕಡಿಮೆ ಹಿಗ್ಗುತ್ತದೆ. ಇವರ ಪಿಸ್ಟನ್ ಈಗಾಗಲೇ ತಯಾರಿದೆ, ಅದನ್ನು ಎಸೆಯುವ ಅಗತ್ಯ ಇಲ್ಲ.

ದಾವಣಗೆರೆ ಲೇತ್

ಎರಡೂ ಮಾಡಿದೆ. ಈಗ ಬಿಗಿಯಾಗುವುದಿಲ್ಲ. ತೊಟ್ಟಿ ಕುದಿಯುತ್ತಿದ್ದರೂ ಓಡುತ್ತದೆ, ಲಾಚ್ ಹಿಡಿದುಕೊಂಡು ನಿಲ್ಲುತ್ತದೆ. ಏಟು ತಪ್ಪಿಸಲು ಶುರು ಮಾಡಿದೆ!

ಆದರೆ ಹೊಸದೊಂದು ಬಂದಿದೆ. ಲಾಚ್ ಹಿಡಿದು ಸುಮ್ಮನೆ ತಿರುಗುವಾಗ ಸೈಲೆನ್ಸರಿನಲ್ಲಿ ಫಟ್ ಅನ್ನುತ್ತದೆ. ಲಾಚ್ ಬಿಟ್ಟ ಮೇಲೆ ಒಂದೇ ಏಟಿಗೆ ವೇಗ ಬರುವುದಿಲ್ಲ, ಎರಡು ಮೂರು ಬೇಕು. ಎಕ್ಸಾಸ್ಟ್ ಬಾಯಿಗೆ ಬಿಳಿ ಕಾಗದ ಹಿಡಿದರೆ ಒದ್ದೆ ಕಲೆ, ಪೆಟ್ರೋಲ್ ವಾಸನೆ.

ಚಳ್ಳಕೆರೆ ಗಾಣ

ಈಗಲಾದರೂ ಪೆಟ್ರೋಲ್ ಅನ್ನಬಹುದಾ? 😄 ಟ್ಯಾಂಕ್ ಕೆಳಗಿದ್ದರೆ ಪೈಪಿನಲ್ಲಿರುವ ಚೆಕ್ ವಾಲ್ವ್ ಗುಂಡು ಸರಿಯಾಗಿ ಕೂರುತ್ತಿಲ್ಲವೇನೋ. ಸುಮ್ಮನೆ ತಿರುಗುವಾಗ ಪೆಟ್ರೋಲ್ ವಾಪಸ್ ಇಳಿದುಹೋದರೆ ಮೊದಲನೇ ಏಟಿಗೆ ಏನೂ ಸಿಗುವುದಿಲ್ಲ.

ಹರಿಹರ ಟರ್ನರ್

ಗುಂಡಿನ ಮಾತು ಸರಿಯಾದದ್ದೇ, ಮೊದಲ ಏಟು ಖಾಲಿ ಹೋಗಲು ಅದೂ ಒಂದು ಕಾರಣ. ಆದರೆ ಒದ್ದೆ ಕಾಗದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ. ಸುಮ್ಮನೆ ತಿರುಗುವಾಗ ಪೆಟ್ರೋಲ್ ಒಳಗೆ ಬರುತ್ತಿದೆ, ಉರಿಯದೆ ಆಚೆ ಹೋಗುತ್ತಿದೆ. ಬ್ಯಾಟರಿ ಸ್ಪಾರ್ಕ್ ಆಗಲೂ ಬೀಳುತ್ತಲೇ ಇರುತ್ತದಲ್ಲ, ಅದಕ್ಕೇ ಫಟ್. ಇನ್‌ಲೆಟ್ ಸ್ಪ್ರಿಂಗ್ ತೀರಾ ಮೆದುವಾಗಿದೆ ಅಂತ ನನ್ನ ಅನುಮಾನ. ಎಕ್ಸಾಸ್ಟ್ ತೆರೆದಿದ್ದರೂ ಒಳಗೆ ಸ್ವಲ್ಪ ಎಳೆತ ಇದ್ದೇ ಇರುತ್ತದೆ. ಅಷ್ಟಕ್ಕೇ ಆ ವಾಲ್ವ್ ಬಾಯಿ ಬಿಡಬಾರದು.

ಕಾರ್ಬುರೇಟರ್ ಬಾಯಿಯ ಮುಂದೆ ಒಂದು ಎಳೆ ನೂಲು ಇಳಿಬಿಡಿ. ಒಳಗೆ ಹೋಗದ ಹಾಗೆ ಗಿಡ್ಡವಾಗಿರಲಿ. ಏಟು ಬೀಳುವ ಮುಂಚಿನ ಎಳೆತಕ್ಕೆ ನೂಲು ಒಳಕ್ಕೆ ಬಾಗಬೇಕು. ಲಾಚ್ ಹಿಡಿದಿರುವಾಗ ಅಲ್ಲಾಡದೆ ನಿಲ್ಲಬೇಕು. ಊದಿನಕಡ್ಡಿ ಹೊಗೆಯಲ್ಲಿ ನೋಡುತ್ತೇನೆ ಅನ್ನುವವರೂ ಇದ್ದಾರೆ. ಪೆಟ್ರೋಲ್ ಪಕ್ಕದಲ್ಲಿ ಅದು ಬೇಡವೇ ಬೇಡ.

ಲಾಚ್ ಹಿಡಿದಾಗ ಎಕ್ಸಾಸ್ಟ್ ವಾಲ್ವ್ ಪೂರ್ತಿ ತೆರೆದಿದೆಯೇ ಅಂತಲೂ ನೋಡಿ. ಅರ್ಧ ಮಾತ್ರ ತೆರೆದಿದ್ದರೆ ಎಳೆತ ಜಾಸ್ತಿಯಾಗಿ ಇದೇ ತೊಂದರೆ ಬರುತ್ತದೆ.

ದಾವಣಗೆರೆ ಲೇತ್

ಎಕ್ಸಾಸ್ಟ್ ಪೂರ್ತಿ ತೆರೆದಿದೆ. ನೂಲು ಮಾತ್ರ ಲಾಚ್ ಹಿಡಿದಿದ್ದಾಗಲೂ ಪ್ರತಿ ಸುತ್ತಿಗೆ ಒಳಕ್ಕೆ ಬಾಗುತ್ತದೆ, ಚೆನ್ನಾಗೇ ಬಾಗುತ್ತದೆ. ಈಗಿನ ಸ್ಪ್ರಿಂಗ್ 0.30 ಮಿ.ಮೀ. ತಂತಿಯದ್ದು. 0.40 ತಂತಿ ಮನೆಯಲ್ಲಿದೆ, ಅದರಲ್ಲಿ ಸುತ್ತಲೇ?

ಹರಿಹರ ಟರ್ನರ್

0.40 ಬೇಡ. ಸ್ಪ್ರಿಂಗಿನ ಗಡಸುತನ ತಂತಿ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. ಸುತ್ತು, ಅಗಲ ಅಷ್ಟೇ ಇಟ್ಟರೂ 0.40 ಅಂದರೆ ಈಗಿನದಕ್ಕಿಂತ ಮೂರು ಪಟ್ಟು ಗಡಸು, ಇಂಜಿನ್ನಿಗೆ ಉಸಿರೇ ಕಟ್ಟುತ್ತದೆ. 0.35 ಹಾಕಿದರೆ ಸುಮಾರು 1.85 ಪಟ್ಟು. ಅಷ್ಟು ಸಾಕು. ಜಾಸ್ತಿ ಅನಿಸಿದರೆ ಒಂದೆರಡು ಸುತ್ತು ಹೆಚ್ಚಿಗೆ ಸುತ್ತಿ ಮೆದು ಮಾಡಿಕೊಳ್ಳಬಹುದು.

ದಾವಣಗೆರೆ ಲೇತ್

0.35 ತಂತಿ ತರಿಸಿ ಸುತ್ತಿ ಹಾಕಿದೆ. ನೂಲು ಈಗ ಏಟಿಗೆ ಮುಂಚೆ ಮಾತ್ರ ಬಾಗುತ್ತದೆ. ಫಟ್ ನಿಂತಿತು, ಕಾಗದ ಒಣಗೇ ಇದೆ. ಒಂದು ಏಟು, ಆಮೇಲೆ ಫ್ಲೈವೀಲ್ ಆರಾಮಾಗಿ ತಿರುಗುತ್ತದೆ, ಮತ್ತೆ ಒಂದು ಏಟು. ಹೊಸ ಸ್ಪ್ರಿಂಗಿಗೆ ಪೆಟ್ರೋಲ್ ಸೂಜಿಯನ್ನು ಸ್ವಲ್ಪ ಹೊಂದಿಸಿಕೊಳ್ಳಬೇಕಾಯಿತು. ಗಾಣ ಅವರ ಮಾತಿನಂತೆ ಚೆಕ್ ವಾಲ್ವ್ ಗುಂಡನ್ನೂ ಅದರ ಸೀಟಿಗೆ ಮೆಲ್ಲಗೆ ಬಡಿದು ಕೂರಿಸಿದೆ.

ಟರ್ನರ್ ಸರ್, ಈ ಕಡೆ ಬಂದಾಗ ತಿಳಿಸಿ, ಮಂಡಕ್ಕಿ ಮೆಣಸಿನಕಾಯಿ ನನ್ನ ಕಡೆಯಿಂದ. ಒಂದು ಕೊನೆ ಪ್ರಶ್ನೆ: ಓಡಿಸಿ ಆದ ಮೇಲೆ ಪೆಟ್ರೋಲ್ ಟ್ಯಾಂಕಿನಲ್ಲೇ ಬಿಡಬಹುದಾ?

ಹರಿಹರ ಟರ್ನರ್

ಬಿಡಬೇಡಿ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಸಾದಾ ರಬ್ಬರ್ ಪೈಪನ್ನೂ ಮೆತ್ತಗೆ ಮಾಡುತ್ತದೆ. ಟ್ಯಾಂಕ್ ಖಾಲಿ ಮಾಡಿ, ಪೈಪಿನಲ್ಲಿ ಉಳಿದದ್ದನ್ನು ಇಂಜಿನ್ ಓಡಿಸಿಯೇ ಮುಗಿಸಿ. ತೊಟ್ಟಿಯ ನೀರನ್ನೂ ಚೆಲ್ಲಿ, ಇಲ್ಲದಿದ್ದರೆ ಒಳಗೆ ತುಕ್ಕು. ಪ್ಲಗ್ ಬಿಚ್ಚಿ ಎರಡು ಹನಿ ಎಣ್ಣೆ ಬಿಟ್ಟು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ಇಡಿ. ಮಿರ್ಚಿ ಖಾರ ಇರಲಿ, ಭಾನುವಾರ ಬರುತ್ತೇನೆ.