ಸಮಸ್ಯೆ (ಈ ಸಾಲು ಕೊನೆಗೆ ಬರುವಂತೆ ಪದ್ಯ ಕಟ್ಟಬೇಕು): ‘ಅರಿಯೆನೆಂದವನೊಬ್ಬನೇ ಪಂಡಿತನು ಸಭೆಯೊಳಗೆ’

ಡೊಂಬಿವಲಿ ದಾಸ:
ಮುಂಬೈ ಲೋಕಲ್ ರೈಲಿನಲ್ಲಿ ನಿಂತೇ ಕಟ್ಟಿದೆ. ‘ಹೊರೆ’ ಹೊಳೆಯುವಾಗ ಕುರ್ಲಾ ದಾಟಿತ್ತು.

ತೆರೆಯನೆಣಿಸಿದರೊಬ್ಬರುಪ್ಪಿನ
ಹೊರೆಯ ತೂಗಿದರೊಬ್ಬರಾಳವ
ಬರೆದು ತೋರಿದರೊಬ್ಬರೋಲೆಯ ಮೇಲೆ ಗೆರೆಯೆಳೆದು
ಮರಳ ದಡದಲಿ ಬೊಗಸೆ ನೀರನು
ಸುರಿದು ಕಡಲನು ನೋಡಿ ಮೆಲ್ಲನೆ
ಅರಿಯೆನೆಂದವನೊಬ್ಬನೇ ಪಂಡಿತನು ಸಭೆಯೊಳಗೆ

ಠಾಣೆ ಹುಡುಗಿ:
ಚೆನ್ನಾಗಿದೆ. ಸುಮ್ನೆ ‘ಗೊತ್ತಿಲ್ಲ’ ಅನ್ನುವವರೆಲ್ಲ ಪಂಡಿತರಾದರೆ ನಮ್ಮ ಆಫೀಸಿನ ತುಂಬ ಪಂಡಿತರೇ. ಇವನು ನೀರಿಗೆ ಕೈ ಹಾಕಿ ನೋಡಿದ್ದಾನೆ. ಅದಕ್ಕೇ ಒಪ್ಪಿದೆ.

ಮಾಟುಂಗಾ ಮಾಮ:
ಭಾವ ಸರಿ, ಪ್ರಾಸ ಕೆಟ್ಟಿದೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ತೆರೆ, ಬರೆ, ಸುರಿ ಇವು ಮಾಮೂಲಿ ರ. ‘ಅರಿ’ ಹಳಗನ್ನಡದಲ್ಲಿ ‘ಅಱಿ’. ಹೊರೆಯೂ ‘ಪೊಱೆ’. ರೇಫಕ್ಕೂ (ರ) ಶಕಟರೇಫಕ್ಕೂ (ಹಳಗನ್ನಡದ ಱ) ಗಂಟು ಹಾಕಬೇಡಿ.

ಡೊಂಬಿವಲಿ ದಾಸ:
ಅಕ್ಷರಮಾಲೆಯಿಂದಲೇ ಹೋದ ಅಕ್ಷರ, ಮಾಮ. ಪ್ರಾಸ ಇರುವುದು ಕಿವಿಗೋ, ನಿಘಂಟಿಗೋ?

ಮಾಟುಂಗಾ ಮಾಮ:
ಕಿವಿಗೇ. ಪಕ್ಕದ ಮನೆಯ ತಮಿಳು ಅಜ್ಜಿಯ ಹತ್ತಿರ ಈಗಷ್ಟೇ ಬರೆಸಿಕೊಂಡು ಬಂದೆ. ಹಳೇ ಕ್ಯಾಲೆಂಡರಿನ ಬೆನ್ನಿಗೆ, ಪೆನ್ಸಿಲಿನಲ್ಲಿ. ಅಲೆಗೆ ‘ತಿರೈ’, ಅದಕ್ಕೊಂದು ರ. ಬಾಗಿಲು ತೆರೆಯುವುದಕ್ಕೆ ‘ತಿಱ’, ತಿಳಿವಿಗೆ ‘ಅಱಿವು’. ಇವೆರಡಕ್ಕೂ ಇನ್ನೊಂದು ರ. ನಮ್ಮಲ್ಲಿ ಅಲೆಯ ತೆರೆಯೂ ಬಾಗಿಲಿನ ತೆರೆಯೂ ಬೆರೆತುಹೋಗಿವೆ. ಅಷ್ಟಕ್ಕೆ ಎರಡೂ ಒಂದೇನಾ? ಬಾಗಿಲು ತೆರೆಸಿ, ಆ ಸಾಲಿನ ಪ್ರಾಸ ಕೂಡುತ್ತದೆ.

ಪನವೇಲ್ ಪದ್ಯಪ್ರೇಮಿ:
‘ತಿರೈ’ ಅಂದರೆ ಸಿನಿಮಾ ಪರದೆಯೂ ಹೌದಲ್ವಾ? ಕಿಂಗ್ಸ್ ಸರ್ಕಲ್‌ನ ಅರೋರಾ ಟಾಕೀಸಿನಲ್ಲಿ ತಮಿಳು ಸಿನಿಮಾ ನೋಡುತ್ತಿದ್ದದ್ದು ನೆನಪಾಯಿತು.

ಡೊಂಬಿವಲಿ ದಾಸ:
ಬಾಗಿಲು ತೆರೆಸಿದರೆ ಕಡಲೇ ಹೋಯಿತಲ್ಲ! 15ನೇ ಶತಮಾನದ ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ 10ನೇ ಶತಮಾನದ ಪಂಪನ ಕಾಗುಣಿತ ಯಾಕೆ ಬೇಕು? ಹೋದ ದೀಪಾವಳಿಯಲ್ಲೂ ಹೀಗೇ ಆಯಿತು. ೞ ಎಂಬ ಇನ್ನೊಂದು ಹಳಗನ್ನಡ ಅಕ್ಷರಕ್ಕೆ ನನ್ನಿಂದ ನಲವತ್ತು ಉತ್ತರ ಬರೆಸಿದಿರಿ.

ಮಾಟುಂಗಾ ಮಾಮ:
ನಲವತ್ತನೆಯದರಲ್ಲಿ ನೀವೇ ಒಪ್ಪಿದಿರಿ.

ಡೊಂಬಿವಲಿ ದಾಸ:
ಒಪ್ಪಲಿಲ್ಲ. ನಿದ್ದೆ ಬಂತು, ಮಲಗಿದೆ.

ಠಾಣೆ ಹುಡುಗಿ:
ಮಾಮ, ನಿಮ್ಮ ಯುಗಾದಿ ಪದ್ಯ ತೆಗೆದು ನೋಡಿದೆ. ಮೊದಲ ಸಾಲು ‘ಹಿರಿಯ’, ಎರಡನೆಯದು ‘ಕಿರಿಯ’. ಹಳಗನ್ನಡದಲ್ಲಿ ಅವು ಪಿರಿದು, ಕಿಱಿದು ಅಲ್ವಾ?

(ಎರಡು ದಿನ ಯಾರೂ ಬರೆಯಲಿಲ್ಲ.)

ಮಾಟುಂಗಾ ಮಾಮ:
ಹೌದು, ಕಿಱಿದು. ಬರೆಯುವಾಗ ನನಗೆ ಗೊತ್ತಿರಲಿಲ್ಲ. ಆ ಪದ್ಯವನ್ನು ಲೆಕ್ಕದಿಂದ ತೆಗೆಯಿರಿ. ‘ತೆರೆ’ ಮಾತ್ರ ಒಪ್ಪುವುದಿಲ್ಲ.

ಡೊಂಬಿವಲಿ ದಾಸ:
ತೆಗೆಯುವುದು ಬೇಡ, ಅದು ಒಳ್ಳೆಯ ಪದ್ಯ. ‘ತೆರೆ’ ನಾನೂ ಬಿಡುವುದಿಲ್ಲ.