185/65 ಆರ್15 88ಎಚ್ ಟೈರ್ ಬದಲು 195/65 ಆರ್15 91ಟಿ ಹಾಕಿಸಬಹುದಾ?

ಪ್ರಶ್ನೆ:
ಕಾರಿಗೆ ಕಂಪನಿಯಿಂದ ಬಂದಿರೋದು 185/65 ಆರ್15 88ಎಚ್. ಅಂಗಡಿಯಲ್ಲಿ ಆ ಸೈಜ್ ಸ್ಟಾಕ್ ಇಲ್ಲ. 195/65 ಆರ್15 91ಟಿ ಹಾಕಿಸಿ, ಎರಡರಲ್ಲೂ 65 ಇರೋದ್ರಿಂದ ಎತ್ತರ ಅಷ್ಟೇ ಇರುತ್ತೆ ಅಂತಾರೆ. ಸರೀನಾ? ಎಚ್ ಹೋಗಿ ಟಿ ಬಂದ್ರೆ ತೊಂದರೆ ಇದೆಯಾ?

ಉತ್ತರ 1:
ಎತ್ತರ ಬದಲಾಗುತ್ತೆ ಸರ್. 185 ಅನ್ನೋದು ಟೈರಿನ ಅಗಲ, ಮಿಲಿಮೀಟರಲ್ಲಿ. 65 ಅನ್ನೋದು ಮಿಲಿಮೀಟರ್ ಅಲ್ಲ, ಆ ಅಗಲದ ಶೇ. 65. ಅಗಲ ಹೆಚ್ಚಿದ್ರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಕೂಡ ಬೆಳೆಯುತ್ತೆ. ನೀವೇ ಲೆಕ್ಕ ಹಾಕಿ: 185ರ ಶೇ. 65 ಅಂದ್ರೆ 120.25 ಮಿ.ಮೀ. ರಿಮ್ಮಿನ ಮೇಲೊಂದು, ಕೆಳಗೊಂದು, ಒಟ್ಟು 240.5. ಅದಕ್ಕೆ 15 ಇಂಚಿನ ರಿಮ್, ಅಂದ್ರೆ 381 ಸೇರಿಸಿದ್ರೆ 621.5. ಅದೇ ಲೆಕ್ಕದಲ್ಲಿ 195/65ಕ್ಕೆ 634.5. ವ್ಯಾಸ 13 ಮಿ.ಮೀ. ಜಾಸ್ತಿ. ಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ 2 ಕಿ.ಮೀ. ಜೋರಾಗಿ ಓಡ್ತಿರುತ್ತೆ. ಫುಲ್ ಲೋಡಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜಲೂಬಹುದು.

ಅಗಲವೇ ಬೇಕಿದ್ರೆ 195/60 ಆರ್15 ನೋಡಿ, ವ್ಯಾಸ 615, ಶೇ. 1ರಷ್ಟೇ ಕಡಿಮೆ. ಆದ್ರೆ ರಿಮ್ ಅಗಲ ಕನಿಷ್ಠ 5.5 ಇಂಚು ಇರಲೇಬೇಕು. ರಿಮ್ ಮೇಲೆ 5½ಜೆ ಅಂತ ಅಚ್ಚೊತ್ತಿರುತ್ತೆ; 5ಜೆ ಇದ್ರೆ ಬೇಡ.

ಉತ್ತರ 2:
88 ಅಂದ್ರೆ ಒಂದು ಟೈರ್ ಹೊರಬಲ್ಲ ಭಾರ 560 ಕೆ.ಜಿ., 91 ಅಂದ್ರೆ 615. ಅದರಲ್ಲಿ ಚಿಂತೆಯಿಲ್ಲ. ಗರಿಷ್ಠ ವೇಗ ಹೇಳೋ ಕೊನೆಯ ಅಕ್ಷರದಲ್ಲೇ ಇಳಿಕೆ, ಗಂಟೆಗೆ: ಎಸ್ 180, ಟಿ 190, ಎಚ್ 210, ವಿ 240 ಕಿ.ಮೀ. ‘ನಾವೇನು 190ರಲ್ಲಿ ಓಡಿಸ್ತೀವಾ’ ಅಂತ ಕೇಳೋರಿದ್ದಾರೆ. ಆ ಅಕ್ಷರ ಹೇಳೋದು ಟೈರ್ ಎಷ್ಟು ಬಿಸಿ ತಡೆಯುತ್ತೆ ಅನ್ನೋದನ್ನ, ಅದೂ ಗಾಳಿ ಸರಿಯಾಗಿದ್ದಾಗ ಮಾತ್ರ. ಗಾಳಿ ಕಡಿಮೆಯಾಗಿ, ಐದು ಜನ, ಲಗೇಜು, ಏಪ್ರಿಲ್ ಬಿಸಿಲಿನ ಹೈವೇ ಅಂದ್ರೆ ಸೈಡ್‌ವಾಲ್ ಮಡಚಿ ಮಡಚಿ ಕಾಯುತ್ತೆ, 100ರಲ್ಲೇ ಸಿಡಿಯಬಹುದು. ಕಂಪನಿ ಕೊಟ್ಟ ಅಕ್ಷರಕ್ಕಿಂತ ಕೆಳಗಿಳಿಯಬೇಡಿ.

ಪ್ರಶ್ನೆ ಕೇಳಿದವರು:
ಅದೇ ಸೈಜಿಗೆ ಕಾಯ್ತೀನಿ. ಟೈರ್ ಮೇಲೆ ಗರಿಷ್ಠ 51 ಪಿಎಸ್‌ಐ ಅಂತಿತ್ತು, ಅಷ್ಟು ಗಾಳಿ ಹಿಡಿಸಬೇಕಾ?

ಉತ್ತರ 2:
ಬೇಡವೇ ಬೇಡ, ಅದು ಟೈರಿನ ಮಿತಿ. ನಿಮ್ಮ ಕಾರಿಗೆ ಬೇಕಾದ ಗಾಳಿಯ ಅಳತೆ ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಸ್ಟಿಕ್ಕರಲ್ಲಿದೆ. ಟೈರ್ ತಣ್ಣಗಿರುವಾಗಲೇ ಹಿಡಿಸಿ.

ಉತ್ತರ 3:
ದುಡ್ಡು ಕೊಡೋ ಮುಂಚೆ ಟೈರಿನ ಮಗ್ಗುಲಲ್ಲಿ ಡಾಟ್ (DOT) ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂದ್ರೆ 2024ರ 23ನೇ ವಾರ ತಯಾರಾದದ್ದು. ಒಂದು ಮಗ್ಗುಲಲ್ಲಿ ಕಾಣದಿದ್ರೆ ತಿರುಗಿಸಿ ನೋಡಿ, ಎಷ್ಟೋ ಟೈರಿಗೆ ಒಂದೇ ಕಡೆ ಇರುತ್ತೆ.